ತಡ ಆದರೆ ಆಗಲಿ ಬಿಡಿ

2025ರ ನವೆಂಬರ್ 7, ಶುಕ್ರವಾರ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ನೂರಾ ನಲವತ್ತು ಮೆಸೇಜ್. ಯಾರಿಗೋ ಏನೋ ಆಯಿತು ಅಂತ ಗಾಬರಿಯಾಯಿತು. ತೆಗೆದು ಓದಿದರೆ ನಾವೆಲ್ಲ ಕಾಯುತ್ತಿರುವ ವಿಡಿಯೋ ಗೇಮ್ ಜಿಟಿಎ 6ರ ಬಿಡುಗಡೆ ಮತ್ತೆ ಮುಂದಕ್ಕೆ ಹೋಗಿತ್ತು. ಮೊದಲು 2025 ಅಂದಿದ್ದರು, ಆಮೇಲೆ 2026ರ ಮೇ 26 ಅಂದರು, ಈಗ 2026ರ ನವೆಂಬರ್ 19. ಒಬ್ಬ ಮೇ ತಿಂಗಳಲ್ಲಿ ರಜೆ ಹಾಕೋಕೆ ಮ್ಯಾನೇಜರ್ ಹತ್ತಿರ ಮಾತಾಡಿಟ್ಟಿದ್ದ, ಅವನ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಗ್ರೂಪಿನಲ್ಲಿ ಉಳಿದವರು ಬರೆದಿದ್ದನ್ನು ಓದಿ ಬೇಜಾರಾಯಿತು. ಸೋಮಾರಿಗಳು, ಕಳ್ಳರು, ಹನ್ನೆರಡು ವರ್ಷದಿಂದ ಏನು ಮಾಡ್ತಿದ್ದಾರೆ ಇವರು, ಎಲ್ಲರನ್ನೂ ಕೆಲಸದಿಂದ ತೆಗೆದುಹಾಕಬೇಕು, ಹೀಗೆ. ಇನ್ನೂ ಕೆಲವು ಮಾತು ಇಲ್ಲಿ ಬರೆಯೋ ಹಾಗಿಲ್ಲ.

ನಾನೂ ಕಾಯುತ್ತಿರುವವನೇ. ದಾವಣಗೆರೆಯಲ್ಲಿ ಶಾಲೆ ಮುಗಿಸಿಕೊಂಡು ಬ್ರೌಸಿಂಗ್ ಸೆಂಟರ್‌ಗೆ ಹೋಗಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಹಳೇ ಜಿಟಿಎ ಆಟ ವೈಸ್ ಸಿಟಿ ಆಡಿ ಬೆಳೆದ ಹುಡುಗ ನಾನು. ಒಂದು ಕಂಪ್ಯೂಟರ್ ಮುಂದೆ ಒಂದು ಕುರ್ಚಿ, ಅದರ ಸುತ್ತ ನಾಲ್ಕು ಜನ. ಚೀಟ್ ಕೋಡ್‌ಗಳನ್ನೆಲ್ಲ ಗಣಿತದ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದುಕೊಂಡಿದ್ದೆವು. ಮಿಷನ್ ಯಾರೂ ಆಡುತ್ತಿರಲಿಲ್ಲ. ಬೀಚ್ ರಸ್ತೆಯಲ್ಲಿ ಬೈಕ್ ಓಡಿಸೋದು, ಸಮುದ್ರ ನೋಡೋದು, ಅಷ್ಟೇ. ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ನಿಜವಾದ ಸಮುದ್ರ ನೋಡಿರಲಿಲ್ಲ. ಈಗ ಬರುತ್ತಿರುವ ಆಟ ಮತ್ತೆ ಅದೇ ವೈಸ್ ಸಿಟಿಗೆ ಹೋಗುತ್ತದೆ. ನನಗೆಷ್ಟು ಆಸೆ ಇರಬೇಡ ಹೇಳಿ.

ಆದರೂ ಅವತ್ತು ನಾನು ಗ್ರೂಪಿನಲ್ಲಿ ಬರೆದದ್ದು ಒಂದೇ ಸಾಲು: ತಡ ಆದರೆ ಆಗಲಿ ಬಿಡಿ. ಅದಕ್ಕೆ ಸಿಕ್ಕಾಪಟ್ಟೆ ಬೈಸಿಕೊಂಡೆ. ಕಂಪನಿ ಪರ ವಕಾಲತ್ತು ಮಾಡ್ತೀಯಾ ಅಂದರು. ಕಂಪನಿ ಪರ ನಾನಿಲ್ಲ. ಯಾಕೆ ಹಾಗೆ ಬರೆದೆ ಅನ್ನೋದು ವಾಟ್ಸ್ಯಾಪ್‌ನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಬ್ಬ ಹುಡುಗನ ವಿಷಯ. ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ನಾನಿದ್ದ ಪಿಜಿಯಲ್ಲಿ ಪಕ್ಕದ ರೂಮಿಗೆ ಹಾಸನದ ಕಡೆಯವನೊಬ್ಬ ಬಂದ. ಒಂದು ಆರ್ಟ್ ಸ್ಟುಡಿಯೋದಲ್ಲಿ ಕೆಲಸ. ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಬೇಕಾದ ಸಣ್ಣ ಸಣ್ಣ ವಸ್ತುಗಳನ್ನು ಮಾಡಿಕೊಡುವ ಸ್ಟುಡಿಯೋ ಅದು. ಕುರ್ಚಿ, ಬಾಗಿಲು, ಕಲ್ಲುಬಂಡೆ, ಮರದ ಪೀಪಾಯಿ. ಆಟದಲ್ಲಿ ನಾವು ಓಡುತ್ತಾ ಹೋಗುವಾಗ ಪಕ್ಕದಲ್ಲಿ ಇರುತ್ತದಲ್ಲ, ಕಣ್ಣೆತ್ತಿಯೂ ನೋಡದೆ ಒದ್ದು ಮುಂದೆ ಹೋಗುತ್ತೇವಲ್ಲ, ಅಂಥವು. ಒಂದು ಪೀಪಾಯಿಗೆ ಅವನು ನಾಲ್ಕು ದಿನ ಕೂತಿದ್ದ. ಕಬ್ಬಿಣದ ಪಟ್ಟಿಗೆ ಹಿಡಿದ ತುಕ್ಕು ಹೇಗಿರಬೇಕು ಅಂತ ನಮ್ಮ ಪಿಜಿ ಮಹಡಿ ಮೇಲಿದ್ದ ಹಳೇ ನೀರಿನ ಡ್ರಮ್ಮಿನ ಫೋಟೋ ತೆಗೆದುಕೊಂಡು ಹೋಗಿದ್ದ. ಆಟದ ರಿಲೀಸ್ ಹತ್ತಿರ ಬಂದ ಹಾಗೆ ಅವನು ರೂಮಿಗೆ ಬರುವ ಹೊತ್ತು ರಾತ್ರಿ ಹತ್ತು, ಹನ್ನೆರಡು, ಆಮೇಲೆ ಎರಡು ಆಯಿತು. ಭಾನುವಾರವೂ ಹೋಗುತ್ತಿದ್ದ. ನಮ್ಮ ಅಡುಗೆಯವರು ಅವನಿಗೆ ಅಂತ ಒಂದು ತಟ್ಟೆ ಅನ್ನ ಸಾರು ಮುಚ್ಚಿಡುತ್ತಿದ್ದರು. ಕಣ್ಣು ಯಾವಾಗಲೂ ಕೆಂಪು. ಗೇಮ್ ಕಂಪನಿಗಳಲ್ಲಿ ಇದಕ್ಕೆ ಕ್ರಂಚ್ ಅಂತ ಹೆಸರು.

ಆಟ ಬಂತು. ಅವನು ನನ್ನ ರೂಮಿಗೆ ಬಂದು, ನನ್ನ ಪಿಎಸ್4 (ಪ್ಲೇಸ್ಟೇಷನ್ 4) ಗೇಮ್ ಮೆಷಿನ್‌ನಲ್ಲಿ ಆಡಿಸಿ, ಒಂದು ಬಂದರಿನ ಹತ್ತಿರ ನಿಲ್ಲಿಸಿ, ಇದು ನಂದು ಅಂತ ತೋರಿಸಿದ. ಕೊನೆಯಲ್ಲಿ ಹೆಸರುಗಳ ಪಟ್ಟಿ ಬಂದಾಗ ಇಬ್ಬರೂ ಇಪ್ಪತ್ತು ನಿಮಿಷ ಕೂತು ನೋಡಿದೆವು. ಅವನ ಹೆಸರು ಇರಲಿಲ್ಲ. ಅವನ ಸ್ಟುಡಿಯೋ ಹೆಸರು ಮಾತ್ರ ಒಂದು ಸಾಲಿನಲ್ಲಿ ಬಂದು ಹೋಯಿತು. ಅವನು ಏನೂ ಹೇಳಲಿಲ್ಲ. ಅವತ್ತೇ ರಾತ್ರಿ ಆ ಆಟದ ಬಗ್ಗೆ ಜನ ಬರೆದಿದ್ದನ್ನು ಓದುತ್ತಿದ್ದೆ. ಇನ್ನೂ ಮುಗಿಸದೆ ಬಿಟ್ಟಿದ್ದಾರೆ, ಸೋಮಾರಿ ಡೆವಲಪರ್‌ಗಳು ಅಂತ ಮುನ್ನೂರು ಜನ ಲೈಕ್ ಒತ್ತಿದ್ದರು. ಮುಗಿಸದೆ ಬಿಟ್ಟಿದ್ದು ನಿಜ. ಸೋಮಾರಿ ಅನ್ನೋದು ಮಾತ್ರ ಸುಳ್ಳು. ಪಕ್ಕದ ರೂಮಿನಲ್ಲಿ ಅವನು ಚಪ್ಪಲಿ ಕೂಡ ಬಿಚ್ಚದೆ ಮಲಗಿದ್ದ.

ಆವತ್ತಿನಿಂದ ಆ ಪದ ನನ್ನ ಬಾಯಲ್ಲಿ ಬಂದಿಲ್ಲ.

ಜಿಟಿಎ ವಿಷಯದಲ್ಲಿ ನಮ್ಮ ಗ್ರೂಪಿನ ಎಷ್ಟೋ ಜನರಿಗೆ ಗೊತ್ತಿಲ್ಲದ್ದು ಒಂದಿದೆ. ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಗೆ ಬೆಂಗಳೂರಿನಲ್ಲೇ ಒಂದು ದೊಡ್ಡ ಸ್ಟುಡಿಯೋ ಇದೆ. ಧ್ರುವ ಇಂಟರಾಕ್ಟಿವ್ ಅಂತ ಬೆಂಗಳೂರಿನದೇ ಕಂಪನಿ ಇತ್ತು, 90ರ ದಶಕದಲ್ಲಿ ರಾಜೇಶ್ ರಾವ್ ಶುರು ಮಾಡಿದ್ದು. ಇಂಡಿಯಾದಲ್ಲಿ ಗೇಮ್ ಮಾಡೋದು ಅಂದರೆ ಏನು ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಶುರುವಾಗಿ, ಫೋರ್ಜಾ ತರಹದ ಕಾರ್ ರೇಸ್ ಆಟಗಳಿಗೆ ಕಾರು ಮಾಡಿಕೊಡುವ ಮಟ್ಟಕ್ಕೆ ಬೆಳೆದಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡು ತನ್ನ ಬೆಂಗಳೂರು ಸ್ಟುಡಿಯೋ ಜೊತೆ ಸೇರಿಸಿಕೊಂಡಿತು. ಅಂದರೆ ನೀವು ಸೋಮಾರಿ ಅಂತ ಬೈಯುವಾಗ ಆ ಬೈಗುಳ ಎಲ್ಲೋ ಅಮೆರಿಕದ ಯಾವನಿಗೋ ಹೋಗುತ್ತಿದೆ ಅಂದುಕೊಳ್ಳಬೇಡಿ. ಮೆಟ್ರೋದಲ್ಲಿ ನಿಮ್ಮ ಪಕ್ಕ ನಿಂತವರಿಗೂ ತಾಗುತ್ತದೆ.

ಈಗ ಕಂಪನಿಗಳ ಕಡೆ ಬರೋಣ. ನನ್ನ ಸಿಟ್ಟೆಲ್ಲ ಇಲ್ಲಿದೆ.

ತಡವಾಗಬಾರದು ಅಂತ ಹಟ ಹಿಡಿದರೆ ಏನಾಗುತ್ತದೆ ಅನ್ನೋದಕ್ಕೆ ಸೈಬರ್‌ಪಂಕ್ 2077 ಅನ್ನೋ ಆಟ ನೋಡಿ. ಪೋಲೆಂಡಿನ ವಾರ್ಸಾದ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯದು. 2012ರಲ್ಲಿ ಮಾಡ್ತೀವಿ ಅಂದರು. ದಿನಾಂಕ 2020ರ ಏಪ್ರಿಲ್ 16 ಅಂತ ಇತ್ತು, ಅದು ಸೆಪ್ಟೆಂಬರ್ 17 ಆಯಿತು, ಆಮೇಲೆ ನವೆಂಬರ್ 19. ಅಕ್ಟೋಬರ್ ಮೊದಲ ವಾರದಲ್ಲಿ ಆಟ ಗೋಲ್ಡ್ ಆಗಿದೆ ಅಂದರು, ಅಂದರೆ ಡಿಸ್ಕ್ ಅಚ್ಚಿಗೆ ಹೋಗುವಷ್ಟು ಮುಗಿದಿದೆ ಅಂತ. ಮೂರು ವಾರ ಕಳೆದ ಮೇಲೆ ಮತ್ತೆ ಡಿಸೆಂಬರ್ 10ಕ್ಕೆ ತಳ್ಳಿದರು. ಆಗ ಅಭಿಮಾನಿಗಳು ಅಲ್ಲಿ ಕೆಲಸ ಮಾಡುವವರಿಗೆ ಕೊಲೆ ಬೆದರಿಕೆ ಕಳಿಸಿದರು. ಇಪ್ಪತ್ತೊಂದು ದಿನ ತಡವಾಯಿತು ಅಂತ! ವರ್ಷದ ಹಿಂದೆ ಕಡ್ಡಾಯ ಕ್ರಂಚ್ ಇರಲ್ಲ ಅಂತ ಮಾತು ಕೊಟ್ಟಿದ್ದ ಕಂಪನಿ ಅಷ್ಟರಲ್ಲಿ ವಾರಕ್ಕೆ ಆರು ದಿನ ಕೆಲಸ ಅಂತ ಮಾಡಿಯಾಗಿತ್ತು.

ನನ್ನ ಪ್ರಕಾರ ಆ ಆಟದ ನಿಜವಾದ ತಪ್ಪು ತಡದಲ್ಲಿ ಇರಲಿಲ್ಲ. ಇನ್ನೂ ಒಂದು ವರ್ಷ ಬೇಕಿತ್ತು, ಅದನ್ನು ಹೇಳೋ ಧೈರ್ಯ ಇರಲಿಲ್ಲ. ಕ್ರಿಸ್ಮಸ್ ವ್ಯಾಪಾರ ಬಿಡೋಕೆ ಆಗಲಿಲ್ಲ. ಹಳೇ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಆಟ ಎಷ್ಟು ಕೆಟ್ಟದಾಗಿದೆ ಅಂತ ಒಳಗಿನವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬೋದಿಲ್ಲ. ಆದರೂ ಹಳೇ ಮೆಷಿನ್‌ಗಳಲ್ಲೂ ಚೆನ್ನಾಗಿಯೇ ಓಡುತ್ತಿದೆ ಅನ್ನೋ ಅರ್ಥದಲ್ಲಿ ಹೂಡಿಕೆದಾರರ ಮುಂದೆ ಮಾತಾಡಿದರು. ವಿಮರ್ಶಕರಿಗೆ ಮುಂಚೆ ಕೊಟ್ಟಿದ್ದು ಬರೀ ಪಿಸಿ ಆಟ. ಅದರಲ್ಲೂ ಅವರು ತಾವೇ ಆಡಿ ರೆಕಾರ್ಡ್ ಮಾಡಿದ ವಿಡಿಯೋ ಮೊದಲು ತೋರಿಸುವ ಹಾಗಿರಲಿಲ್ಲ. ಹಾಗಾಗಿ ಪಿಎಸ್4ನಲ್ಲಿ ಆ ಆಟ ಹೇಗಿದೆ ಅಂತ ಮುಂಚೆ ಬಂದ ವಿಮರ್ಶೆ ಓದಿ ತಿಳಿಯೋ ಹಾಗಿರಲಿಲ್ಲ. ನಮ್ಮ ದೇಶದಲ್ಲಿ ಆಗ ಪಿಎಸ್5 ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ, ಪ್ಲೇಸ್ಟೇಷನ್ ಇದ್ದವರ ಮನೆಯಲ್ಲಿ ಹಳೆಯದೇ ಇದ್ದದ್ದು. ಹತ್ತು ದಿನದಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಪ್ರತಿ ಮಾರಿದರು. ಪ್ಲೇಸ್ಟೇಷನ್ ಮಾಡುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದೇ ಹಾಕಿತು, ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ.

ಮುಂದೆ ಅವರು ಕೂತು ಸರಿ ಮಾಡಿದರು. 2023ರ ಸೆಪ್ಟೆಂಬರ್‌ನಲ್ಲಿ 2.0 ಅನ್ನೋ ಅಪ್‌ಡೇಟ್ ಬಂದಾಗ ನಾನು ಆಡಿದೆ. ನಿಜಕ್ಕೂ ಅದ್ಭುತವಾದ ಆಟ. ಮಳೆಯಲ್ಲಿ ನೈಟ್ ಸಿಟಿಯ ಬೀದಿಗಳಲ್ಲಿ ಸುಮ್ನೆ ನಡೆದುಕೊಂಡು ಹೋಗುತ್ತಾ ಗಂಟೆಗಟ್ಟಲೆ ಕಳೆದಿದ್ದೇನೆ. ಆಡುವಾಗೆಲ್ಲ ಒಂದೇ ಯೋಚನೆ: ಇದೇ ಆಟವನ್ನು ಇಷ್ಟು ಚೆನ್ನಾಗಿ ಮಾಡಬಲ್ಲ ಜನ ಅಲ್ಲೇ ಇದ್ದರಲ್ಲ, ಅವರಿಗೆ ಸಮಯ ಕೊಟ್ಟಿದ್ದರೆ ಸಾಕಿತ್ತಲ್ಲ.

ನನಗೂ ಒಂದು ಆಟದಿಂದ ಪೆಟ್ಟು ಬಿದ್ದಿದೆ, ಅದು ಬೇರೆ ಆಟ, ಹೆಸರು ಬೇಡ. ಮೊದಲ ಸಂಬಳದಲ್ಲಿ ಪ್ರೀ-ಆರ್ಡರ್ ಮಾಡಿದ್ದೆ, ಸುಮಾರು ನಾಲ್ಕು ಸಾವಿರ ರೂಪಾಯಿ. ಮೂರನೇ ರಾತ್ರಿ ಸೇವ್ ಪೂರ್ತಿ ಅಳಿಸಿಹೋಯಿತು. ಹದಿನಾಲ್ಕು ಗಂಟೆ ಆಡಿದ್ದೆಲ್ಲ ಹೋಯಿತು. ತಪ್ಪು ಸರಿ ಮಾಡುವ ಪ್ಯಾಚ್ ಬಂತು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದನ್ನು ಇಳಿಸಿಕೊಳ್ಳೋಕೆ ಒಂದು ವಾರ ಹಿಡಿಯಿತು. ಅಂಗಡಿಯವರು ತೆರೆದ ಡಿಸ್ಕ್ ವಾಪಸ್ ತಗೊಳ್ಳಲ್ಲ ಅಂದರು. ಆಮೇಲೆ ನಾನು ಪ್ರೀ-ಆರ್ಡರ್ ಮಾಡೋದು ಬಿಟ್ಟೆ. ಡೌನ್‌ಲೋಡ್ ಮಾಡೋ ಆಟಕ್ಕೆ ಮುಂಗಡ ಯಾಕೆ ಕೊಡಬೇಕು ಹೇಳಿ? ಸ್ಟಾಕ್ ಖಾಲಿಯಾಗುತ್ತಾ? ಒಂದು ಜಾಕೆಟ್ ಕೊಡ್ತೀವಿ, ಒಂದು ಬಂದೂಕಿಗೆ ಚಿನ್ನದ ಬಣ್ಣ ಕೊಡ್ತೀವಿ ಅಂತಾರೆ. ಹೊಸ ಪಿಎಸ್5 ಆಟಕ್ಕೆ ಈಗ ಐದು ಸಾವಿರದ ಹತ್ತಿರ ಕೊಡಬೇಕು. ನಮ್ಮ ಊರಲ್ಲಿ ಅದು ಒಂದು ಮನೆಯ ತಿಂಗಳ ದಿನಸಿ. ಆ ದುಡ್ಡನ್ನು ಯಾರೂ ಆಡಿ ನೋಡದ ವಸ್ತುವಿಗೆ ಮುಂಚೆಯೇ ಕೊಟ್ಟುಬಿಟ್ಟರೆ, ಮುಗಿಸಿ ಕೊಡಬೇಕು ಅನ್ನೋ ಭಯ ಕಂಪನಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಕಡೆ ಸಿಲ್ಕ್‌ಸಾಂಗ್ ಅನ್ನೋ ಆಟ ನೋಡಿ. ಆಸ್ಟ್ರೇಲಿಯಾದ ಅಡಿಲೇಡ್ ಊರಿನಲ್ಲಿ ಟೀಮ್ ಚೆರ್ರಿ ಅಂತ ಒಂದು ಪುಟ್ಟ ತಂಡ, ಮುಖ್ಯವಾಗಿ ಮೂರು ಜನ. 2017ರಲ್ಲಿ ಹಾಲೋ ನೈಟ್ ಮಾಡಿದರು. ಹುಳಗಳ ಲೋಕ, ಕೈಯಲ್ಲಿ ಬಿಡಿಸಿದ ಚಿತ್ರ, ಹಾಳುಬಿದ್ದ ಒಂದು ರಾಜ್ಯ. ನಾನು ಆಡಿದ ಆಟಗಳಲ್ಲೆಲ್ಲ ಮನಸ್ಸಿಗೆ ತೀರಾ ಹತ್ತಿರವಾದದ್ದು ಅದು. ಅದಕ್ಕೆ ಹಾರ್ನೆಟ್ ಪಾತ್ರವನ್ನಿಟ್ಟು ಒಂದು ಸಣ್ಣ ಭಾಗ ಸೇರಿಸುತ್ತೇವೆ ಅಂತ ದುಡ್ಡು ಹಾಕಿದವರಿಗೆ ಮಾತು ಕೊಟ್ಟಿದ್ದರು. ಅದು ಬೆಳೆದೂ ಬೆಳೆದೂ 2019ರ ಫೆಬ್ರವರಿಯಲ್ಲಿ ಸಿಲ್ಕ್‌ಸಾಂಗ್ ಅಂತ ಬೇರೆಯೇ ಆಟ ಮಾಡ್ತೀವಿ ಅಂದರು. ಆಮೇಲೆ ವರ್ಷಗಟ್ಟಲೆ ಮೌನ. ಪ್ರತಿ ದೊಡ್ಡ ಪ್ರದರ್ಶನದ ರಾತ್ರಿ ನಾವು ಎದ್ದು ಕೂರೋದು, ಅದು ಬರದೇ ಇರೋದು, ಮುಖಕ್ಕೆ ಜೋಕರ್ ಬಣ್ಣ ಹಚ್ಚಿಕೊಂಡ ಚಿತ್ರಗಳನ್ನು ಹಂಚೋದು. 2022ರಲ್ಲಿ ಎಕ್ಸ್‌ಬಾಕ್ಸ್‌ನವರು ಇನ್ನು ಹನ್ನೆರಡು ತಿಂಗಳಲ್ಲಿ ಬರುತ್ತದೆ ಅಂದರು. 2023ರ ಮೇ ತಿಂಗಳಲ್ಲಿ ತಂಡದವರು ಬಂದು, ಆಗಲ್ಲ, ಆಟ ದೊಡ್ಡದಾಗಿದೆ, ಇನ್ನೂ ಸಮಯ ಬೇಕು ಅಂತ ನೇರವಾಗಿ ಹೇಳಿದರು. ಮತ್ತೆ ಮೌನ.

ಈ ಮೌನದ ಬಗ್ಗೆ ನನಗೂ ಬೇಜಾರಿತ್ತು. ಆರು ತಿಂಗಳಿಗೊಂದು ಸಾಲು ಬರೆದಿದ್ದರೆ ಗಂಟೇನು ಹೋಗುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಆದರೆ ಆ ಆರೂವರೆ ವರ್ಷದಲ್ಲಿ ಅವರು ನಮ್ಮಿಂದ ಒಂದು ರೂಪಾಯಿ ಮುಂಗಡ ತೆಗೆದುಕೊಳ್ಳಲಿಲ್ಲ. ಹಳೇ ಆಟಕ್ಕೆ ದುಡ್ಡು ಹಾಕಿದವರಿಗೆ ಹೊಸದನ್ನು ಪುಕ್ಕಟೆ ಕೊಡ್ತೀವಿ ಅಂದಿದ್ದರು, ಕೊಟ್ಟರು. ಸುಮ್ಮನಿರೋದು ಬೇರೆ, ಸುಳ್ಳು ಹೇಳಿ ಮಾರೋದು ಬೇರೆ. 2025ರ ಆಗಸ್ಟ್‌ನಲ್ಲಿ, ಇನ್ನು ಎರಡೇ ವಾರ, ಸೆಪ್ಟೆಂಬರ್ 4ಕ್ಕೆ ಬರುತ್ತೆ ಅಂದರು. ಯಾಕಿಷ್ಟು ತಡ ಅಂತ ಪತ್ರಕರ್ತರು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ, ಮಾಡೋದರಲ್ಲಿ ಖುಷಿ ಇತ್ತು, ಹೊಸ ಹೊಸದು ಹೊಳೆಯುತ್ತಾ ಹೋಯಿತು, ಸೇರಿಸುತ್ತಾ ಹೋದೆವು ಅಂತ. ಅದನ್ನು ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ. ಕೆಂಪು ಕಣ್ಣಿಲ್ಲ, ರಾತ್ರಿ ಎರಡು ಗಂಟೆಯಿಲ್ಲ. ಖುಷಿಯಾಗಿ ಮಾಡಿದ ಆಟ. ವಿಮರ್ಶಕರಿಗೂ ಮುಂಚೆ ಕೊಡಲಿಲ್ಲ, ದುಡ್ಡು ಹಾಕಿದ ಸಾಮಾನ್ಯರ ಜೊತೆಗೇ ಎಲ್ಲರೂ ಆಡಲಿ ಅಂದರು. ಬೆಲೆ ಇಪ್ಪತ್ತು ಡಾಲರ್. ನಮ್ಮಲ್ಲಿ ಅದು ಬಿಡುಗಡೆಯಾದಾಗ ಗುರುವಾರ ಸಂಜೆ ಏಳೂವರೆ. ಜಗತ್ತಿನ ಎಲ್ಲ ಕಡೆಯಿಂದ ಜನ ಒಟ್ಟಿಗೆ ನುಗ್ಗಿ ಆನ್‌ಲೈನ್ ಅಂಗಡಿಗಳೇ ಕುಸಿದವು. ಸ್ಟೀಮ್ ಅನ್ನೋ ಅಂಗಡಿ ಒಂದರಲ್ಲೇ ಐದು ಲಕ್ಷಕ್ಕೂ ಜಾಸ್ತಿ ಜನ ಒಂದೇ ಹೊತ್ತಿಗೆ ಆಡುತ್ತಿದ್ದರು.

ಅದರಲ್ಲೂ ಕುಂದಿತ್ತು. ಚೀನೀ ಅನುವಾದ ಚೆನ್ನಾಗಿರಲಿಲ್ಲ, ಅಲ್ಲಿನ ಆಟಗಾರರು ಜೋರಾಗಿ ದೂರಿದರು. ತಂಡದವರು ಮುಚ್ಚಿಡದೆ ಹೌದು, ಸರಿ ಮಾಡ್ತೀವಿ ಅಂದರು. (ಅನುವಾದ ಕೆಟ್ಟದಾಗಿದೆ ಅಂತ ದೂರೋಕಾದರೂ ಅವರಿಗೆ ತಮ್ಮ ಭಾಷೆ ಆಟದಲ್ಲಿ ಇದೆ. ನಾನು ಆಡಿದ ಒಂದು ದೊಡ್ಡ ಆಟದಲ್ಲೂ ಕನ್ನಡ ಕಂಡಿಲ್ಲ. ಅದರ ಬಗ್ಗೆ ಇನ್ನೊಂದು ದಿನ ಬರೆಯಬೇಕು.) ಶುರುವಿನ ಎರಡು ಬಾಸ್‌ಗಳು, ಅಂದರೆ ಸೋಲಿಸಬೇಕಾದ ದೊಡ್ಡ ಶತ್ರುಗಳು, ತೀರಾ ಕಷ್ಟ ಅಂದಿದ್ದಕ್ಕೆ ಮೊದಲ ಪ್ಯಾಚ್‌ನಲ್ಲೇ ಸ್ವಲ್ಪ ಸುಲಭ ಮಾಡಿದರು. ಅಷ್ಟು ಸಾಕಲ್ವಾ? ತಪ್ಪೇ ಇಲ್ಲದ ಆಟ ಯಾರು ಕೇಳಿದರು?

ನಮ್ಮವರ ಇನ್ನೊಂದು ಜಗಳ, ಪ್ಲೇಸ್ಟೇಷನ್ ದೊಡ್ಡದೋ ಎಕ್ಸ್‌ಬಾಕ್ಸ್ ದೊಡ್ಡದೋ ಅನ್ನೋದು. ಹೈ-ಫೈ ರಶ್ ಅಂತ ಒಂದು ಆಟ ಬಂತು, 2023ರ ಜನವರಿಯಲ್ಲಿ. ಜಪಾನಿನ ಟ್ಯಾಂಗೋ ಗೇಮ್‌ವರ್ಕ್ಸ್ ಮಾಡಿದ್ದು. ಮೊದಲೇ ದಿನಾಂಕ ಹೇಳದೆ, ಪ್ರಕಟಿಸಿದ ದಿನವೇ ಬಿಡುಗಡೆ. ಹಾಡಿನ ತಾಳಕ್ಕೆ ಸರಿಯಾಗಿ ಹೊಡೆದಾಡುವ ಆಟ, ಆಡುತ್ತಾ ಆಡುತ್ತಾ ಕಾಲು ತಾನೇ ತಾಳ ಹಾಕುತ್ತದೆ. ಎಲ್ಲರೂ ಹೊಗಳಿದರು, ಪ್ರಶಸ್ತಿಗಳೂ ಬಂದವು. 2024ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್‌ನ ಮಾಲೀಕ ಮೈಕ್ರೋಸಾಫ್ಟ್ ತನ್ನದೇ ಆದ ಆ ಸ್ಟುಡಿಯೋವನ್ನು ಮುಚ್ಚುತ್ತೇವೆ ಅಂದಿತು. ಅದಕ್ಕೂ ಏಳು ತಿಂಗಳ ಹಿಂದೆ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನೋ ಗೇಮ್ ಕಂಪನಿ ಕೊಂಡುಕೊಳ್ಳೋಕೆ ಸುಮಾರು 6,900 ಕೋಟಿ ಡಾಲರ್ ಕೊಟ್ಟ ಕಂಪನಿ ಅದು. ಅವತ್ತು ನಮ್ಮ ಗ್ರೂಪಿನಲ್ಲಿ ಪ್ಲೇಸ್ಟೇಷನ್ ಕಡೆಯ ಇಬ್ಬರು ನಗುವ ಇಮೋಜಿ ಹಾಕಿದರು. ಕೆಲಸ ಹೋದವರು ಯಾರು, ನಗುತ್ತಿರುವವರು ಯಾರು! ಆ ಸ್ಟುಡಿಯೋಗೆ ಕೆಲವು ತಿಂಗಳಲ್ಲಿ ಮತ್ತೆ ನೆಲೆ ಕೊಟ್ಟಿದ್ದು ಕ್ರಾಫ್ಟನ್, ನಮ್ಮ ಹುಡುಗರು ಹಗಲು ರಾತ್ರಿ ಮೊಬೈಲ್‌ನಲ್ಲಿ ಆಡುವ ಬಿಜಿಎಂಐ ಇದೆಯಲ್ಲ, ಆ ಆಟದ ಕಂಪನಿ.

ಹಾಗಂತ ಅಭಿಮಾನಿಗಳು ಸಿಟ್ಟೇ ಮಾಡಿಕೊಳ್ಳಬಾರದು ಅಂತ ನಾನು ಹೇಳಲ್ಲ. ಸಿಟ್ಟು ಬೇಕು. ಯೂಬಿಸಾಫ್ಟ್ 2014ರಲ್ಲಿ ದಿ ಕ್ರೂ ಅಂತ ಒಂದು ಕಾರ್ ಆಟ ಮಾರಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿತು. ಒಬ್ಬರೇ ಕೂತು ಆಡೋಣ ಅಂದರೂ ಆಡುವ ಹಾಗಿಲ್ಲ. ದುಡ್ಡು ಕೊಟ್ಟು ತಂದ ಡಿಸ್ಕ್ ಮನೆಯಲ್ಲೇ ಇದೆ, ಆಟ ಮಾತ್ರ ಇಲ್ಲ. ಅಂಗಡಿಯವನು ಹತ್ತು ವರ್ಷ ಬಿಟ್ಟು ಮನೆಗೆ ಬಂದು ಕುಕ್ಕರ್ ಎತ್ತಿಕೊಂಡು ಹೋದರೆ ಸುಮ್ಮನಿರುತ್ತೀವಾ? ಆಗ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ಶುರು ಮಾಡಿದ. ಯುರೋಪಿನ ಜನ ಸಹಿ ಹಾಕುತ್ತಾ ಹೋಗಿ 2025ರ ಜುಲೈನಲ್ಲಿ ಹತ್ತು ಲಕ್ಷ ದಾಟಿಸಿದರು. ಯುರೋಪಿಯನ್ ಒಕ್ಕೂಟ ಈಗ ಆ ವಿಷಯ ಕಿವಿಗೆ ಹಾಕಿಕೊಳ್ಳಲೇಬೇಕು. ಬೆದರಿಕೆ ಹಾಕಿ, ಡೆವಲಪರ್ ಮನೆ ಮಂದಿಯನ್ನು ಬೈದು ಆದದ್ದಲ್ಲ ಇದು, ಸಹಿ ಹಾಕಿ ಆದದ್ದು. ಮಾರಿದ ಮೇಲೆ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ, ಅಷ್ಟೇ ಅವರು ಕೇಳಿದ್ದು. ನಮ್ಮ ಗ್ರೂಪಿನಲ್ಲಿ ನಾನು ಆ ಸುದ್ದಿ ಹಾಕಿದಾಗ ಮೂರು ಜನ ನೋಡಿದರು. ಜಿಟಿಎ ಆರು ತಿಂಗಳು ಮುಂದೆ ಹೋದರೆ ನೂರಾ ನಲವತ್ತು ಮೆಸೇಜ್.

ಕೊಂಡ ಆಟವನ್ನು ಕಿತ್ತುಕೊಂಡಾಗ ಬಾರದ ಸಿಟ್ಟು, ಇನ್ನೂ ಕೊಳ್ಳದ ಆಟ ತಡವಾದಾಗ ಯಾಕೆ ಬರುತ್ತದೆ ಅನ್ನೋದು ನನಗೆ ಈಗಲೂ ಅರ್ಥವಾಗಿಲ್ಲ.

ರಾಕ್‌ಸ್ಟಾರ್ ಒಳ್ಳೆಯದು ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. 2021ರಲ್ಲಿ ಹಳೇ ಮೂರು ಜಿಟಿಎಗಳನ್ನು ಹೊಸದಾಗಿ ಮಾಡಿ ಬಿಟ್ಟಾಗ ಅದು ಯಾವ ಸ್ಥಿತಿಯಲ್ಲಿತ್ತು ಅಂತ ಎಲ್ಲರೂ ನೋಡಿದ್ದಾರೆ, ಕಂಪನಿಯೇ ಕ್ಷಮೆ ಕೇಳಬೇಕಾಯಿತು. ನಮ್ಮ ವೈಸ್ ಸಿಟಿಯ ಮಳೆ ಅದರಲ್ಲಿ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹೊಸ ಆಟ ಬಂದ ದಿನ ನಾನು ಕೊಳ್ಳಲ್ಲ. ಒಂದು ವಾರ ಬಿಟ್ಟು, ಜನ ಆಡಿದ್ದನ್ನು ನೋಡಿ, ಚೆನ್ನಾಗಿದ್ದರೆ ತಗೋತೀನಿ. ಅವರು ಹೇಳಿದ್ದು ಇನ್ನಷ್ಟು ನಯ ಮಾಡೋಕೆ ಸಮಯ ಬೇಕು ಅಂತ. ಆ ಸಮಯ ಕೆಳಗೆ ಕೆಲಸ ಮಾಡುವವರಿಗೆ ಸಿಗಲಿ, ಅವರು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಲಿ ಅನ್ನೋದು ನನ್ನ ಆಸೆ. ಕೊನೆಯಲ್ಲಿ ಹೆಸರುಗಳು ಬರುವಾಗ ಕೂತು ಓದುತ್ತೇನೆ, ಬೆಂಗಳೂರಿನವರದೂ ಬರುತ್ತವೆ.

ಹಾಸನದ ಹುಡುಗ ಈಗ ಗೇಮ್ ಕೆಲಸದಲ್ಲಿ ಇಲ್ಲ. ಮನೆಗಳ ಒಳಗಿನ ಡಿಸೈನ್ ಮಾಡಿಕೊಡುವ ಕಂಪನಿಯೊಂದರಲ್ಲಿ ಇದ್ದಾನೆ, ಸಂಜೆ ಆರಕ್ಕೆ ಬಿಡುತ್ತಾರಂತೆ. ಮೊನ್ನೆ ಫೋನ್ ಮಾಡಿದಾಗ ಜಿಟಿಎ ಮುಂದಕ್ಕೆ ಹೋದ ಸುದ್ದಿ ಹೇಳಿದೆ. ಪಾಪ, ಒಳ್ಳೇದಾಯ್ತು ಬಿಡು ಅಂದ.

ದಾವಣಗೆರೆಯಿಂದ ಚಿಕ್ಕಪ್ಪನ ಮಗನೂ ಫೋನ್ ಮಾಡಿದ್ದ. ಒಂಬತ್ತನೇ ಕ್ಲಾಸು.

"ಅಣ್ಣಾ, ನವೆಂಬರ್‌ಗೂ ಬರದಿದ್ರೆ ಏನ್ ಮಾಡೋದು?"

"ಬರದಿದ್ರೆ ಇನ್ನೂ ಕಾಯೋದು ಕಣೋ. ಸಿಲ್ಕ್‌ಸಾಂಗ್ ಎಲ್ಲಿಗೆ ಬಂತು?"

ಲಾಸ್ಟ್ ಜಡ್ಜ್ ಅನ್ನೋ ಬಾಸ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾನಂತೆ, ಸತ್ತಾಗೆಲ್ಲ ಅಷ್ಟು ದೂರ ಮತ್ತೆ ಓಡಿ ಬರೋದೇ ಸಾಕಾಗಿದೆಯಂತೆ. ನಾನೂ ಅಲ್ಲೇ ಮೂರು ದಿನ ಒದ್ದಾಡಿದ್ದೆ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂತು ದಾಟೋಣ ಅಂದಿದ್ದೇನೆ. ಚಿಕ್ಕಮ್ಮ ಹತ್ತು ಗಂಟೆವರೆಗೆ ಮಾತ್ರ ಟೈಮ್ ಕೊಟ್ಟಿದ್ದಾರೆ.